ಲೆಕ್ಕದ ಪುಸ್ತಕಕ್ಕೆ ಬಾರದ ಖರ್ಚು

ಮೈಸೂರು–ಚಾಮರಾಜನಗರ ರೈಲು ಮಾರ್ಗದಲ್ಲಿ ಕವಲಂದೆ ಕಳೆದ ಮೇಲೆ ಬದನಗುಪ್ಪೆ ಎಂಬ ಸಣ್ಣ ನಿಲ್ದಾಣ ಸಿಗುತ್ತದೆ. ಮಳೆ ನಂಬಿ ಬದುಕಿದ ಸೀಮೆ ಇದು. ಸುತ್ತಲಿನ ಹೊಲಗಳಲ್ಲಿ ಜೋಳ, ಹುರುಳಿ, ಸೂರ್ಯಕಾಂತಿ; ಕೊಳವೆಬಾವಿ ಇದ್ದವರಲ್ಲಿ ಅರಿಶಿನ, ಬಾಳೆ. ಈಗ ಊರಿನ ಹೆಸರು ಹೊರಗಿನವರ ಬಾಯಲ್ಲಿ ಬರುವುದು ಬೇರೆ ಕಾರಣಕ್ಕೆ. ಬದನಗುಪ್ಪೆ–ಕೆಲ್ಲಂಬಳ್ಳಿಯಲ್ಲಿ ಸುಮಾರು 1,460 ಎಕರೆಯಷ್ಟು ಜಮೀನು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಕೈಗಾರಿಕಾ ಪ್ರದೇಶವಾಗಿದೆ. ಆದಿತ್ಯ ಬಿರ್ಲಾ ಸಮೂಹದ ಗ್ರಾಸಿಮ್ ಕಂಪನಿ ದೇಶದ ಆರು ಕಡೆ ಕಟ್ಟಿದ ಬಣ್ಣದ ಕಾರ್ಖಾನೆಗಳಲ್ಲಿ ಒಂದು ಇಲ್ಲಿದೆ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಜಿಲ್ಲೆಯಾದಾಗಿನಿಂದ ‘ನಮ್ಮ ಹುಡುಗರಿಗೆ ಇಲ್ಲೇ ಕೆಲಸ ಸಿಗಬೇಕು’ ಎಂದು ಕೇಳುತ್ತ ಬಂದ ಚಾಮರಾಜನಗರಕ್ಕೆ ಇದು ಸಣ್ಣ ಸಂಗತಿಯಲ್ಲ.

ಒಂದು ಕಾರ್ಖಾನೆ ಎದ್ದು ನಿಲ್ಲುವುದಕ್ಕೆ ಸಿಮೆಂಟು, ಕಬ್ಬಿಣ, ಯಂತ್ರಗಳ ಜೊತೆ ಸಹಿಗಳೂ ಬೇಕು. ನಿವೇಶನ ಹಂಚಿಕೆಗೆ ಒಂದು ಸಹಿ, ನಕ್ಷೆ ಮಂಜೂರಾತಿಗೆ ಇನ್ನೊಂದು. ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಕಟ್ಟುವ ಮೊದಲು ಒಂದು ಸಮ್ಮತಿ, ಓಡಿಸುವ ಮೊದಲು ಮತ್ತೊಂದು. ಕರೆಂಟಿಗೆ ಸೆಸ್ಕ್, ಬಾಯ್ಲರ್ ಇದ್ದರೆ ಅದರ ಇಲಾಖೆ, ತೂಕದ ಯಂತ್ರಕ್ಕೆ ಕಾನೂನು ಮಾಪನ ಇಲಾಖೆ, ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತೆಯ ಪರವಾನಗಿ. ಈ ಪ್ರತಿಯೊಂದು ಸಹಿಯ ಮುಂದೆಯೂ ಒಬ್ಬ ಉದ್ಯಮಿ ಅರ್ಜಿದಾರನಾಗಿ ನಿಲ್ಲುತ್ತಾನೆ. ಅಲ್ಲಿ ಅವನು ಹೇಗೆ ನಡೆದುಕೊಳ್ಳುತ್ತಾನೆ ಎನ್ನುವುದರ ಮೇಲೆ ಕಾರ್ಖಾನೆಯ ಗೋಡೆಯಾಚೆ ಇರುವವರ ನೀರು, ಗಾಳಿ, ಕೂಲಿ ನಿಂತಿರುತ್ತದೆ. ಅದನ್ನು ಉದ್ಯಮಿಯ ಖಾಸಗಿ ಶೀಲದ ಪ್ರಶ್ನೆ ಎಂದು ಬಿಟ್ಟುಬಿಡಲು ನನಗೆ ಮನಸ್ಸು ಬರುವುದಿಲ್ಲ.

ದೊಡ್ಡ ಕಂಪನಿಗೆ ವಕೀಲರಿದ್ದಾರೆ, ಬೆಂಗಳೂರಿನಲ್ಲಿ ಕಚೇರಿಯಿದೆ, ಮುಖ್ಯಮಂತ್ರಿಯ ಅಧ್ಯಕ್ಷತೆಯ ಉನ್ನತ ಸಮಿತಿಯ ಬಾಗಿಲು ತೆರೆದಿದೆ. 15 ಕೋಟಿ ರೂಪಾಯಿಯೊಳಗಿನ ಯೋಜನೆ ಹಿಡಿದವನು ಹೋಗಬೇಕಾದದ್ದು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಏಕಗವಾಕ್ಷಿ ಸಮಿತಿಗೆ. ಅಂಥ ಒಬ್ಬನನ್ನು ಊಹಿಸಿಕೊಳ್ಳೋಣ. ಊರಿನವನೇ, ಬ್ಯಾಂಕಿನಲ್ಲಿ ಸಾಲ ಮಾಡಿ ಅರಿಶಿನ ಪುಡಿ ಮಾಡುವ ಘಟಕ ಹಾಕಲು ಹೊರಟಿದ್ದಾನೆ. ಮೊದಲ ತಿಂಗಳಲ್ಲೇ ಅವನಿಗೆ ಒಬ್ಬ ‘ಕನ್ಸಲ್ಟೆಂಟ್’ ಸಿಗುತ್ತಾನೆ. “ನೀವೇನೂ ತಲೆ ಕೆಡಿಸ್ಕೋಬೇಡಿ ಸಾರ್, ಎಲ್ಲಾ ಆಫೀಸೂ ನಾವೇ ನೋಡ್ಕೋತೀವಿ. ಒಂದು ರೌಂಡ್ ಫಿಗರ್ ಕೊಟ್ಬಿಡಿ, ಅಷ್ಟೆ.” ಆ ಮೊತ್ತದೊಳಗೆ ಸರ್ಕಾರಿ ಶುಲ್ಕ ಎಷ್ಟು, ಅವನ ಕೂಲಿ ಎಷ್ಟು, ಮೇಜಿನ ಕೆಳಗೆ ಹೋಗುವುದು ಎಷ್ಟು ಎಂದು ಬಿಡಿಸಿ ಹೇಳುವುದಿಲ್ಲ. ಕೇಳಿದರೆ ನಗುತ್ತಾನೆ. ಹೀಗೆ ಉದ್ಯಮಿ ಯಾರಿಗೂ ಲಂಚ ಕೊಡದೆ, ಯಾವ ಅಧಿಕಾರಿಯ ಮುಖವನ್ನೂ ನೋಡದೆ ಕೊಟ್ಟುಬಿಟ್ಟಿರುತ್ತಾನೆ.

ಕೊಟ್ಟ ಮೇಲೆ ಅದನ್ನು ಎಲ್ಲೋ ಬರೆಯಬೇಕು. ಕಾನೂನಿಗೆ ವಿರುದ್ಧವಾದ ಕೆಲಸಕ್ಕೆ ಮಾಡಿದ ಖರ್ಚನ್ನು ವ್ಯಾಪಾರದ ಖರ್ಚೆಂದು ಕಳೆಯಲು 1961ರ ಆದಾಯ ತೆರಿಗೆ ಕಾಯ್ದೆಯ 37ನೇ ಕಲಮು ಬಿಡಲಿಲ್ಲ. 1998ರಲ್ಲಿ ಸೇರಿಸಿದ ವಿವರಣೆ ಅದನ್ನು ಇನ್ನಷ್ಟು ಖಚಿತಗೊಳಿಸಿತು. ಹಾಗಾಗಿ ಆ ಹಣ ‘ಸೈಟ್ ಖರ್ಚು’, ‘ಸಾಗಣೆ’, ‘ಸಿಬ್ಬಂದಿ ಕಲ್ಯಾಣ’ ಎಂಬ ಹೆಸರು ಹೊತ್ತು ಪುಸ್ತಕ ಸೇರುತ್ತದೆ. ಅದಕ್ಕೊಂದು ಸುಳ್ಳು ವೋಚರು, ವೋಚರಿಗೆ ಒಂದು ಸಹಿ, ಸಹಿಗೆ ಒಬ್ಬ ಗುಮಾಸ್ತ. ಆ ಗುಮಾಸ್ತ ಈಗ ತನ್ನ ಯಜಮಾನ ಸುಳ್ಳು ಲೆಕ್ಕ ಬರೆಸುತ್ತಾನೆಂದು ಬಲ್ಲವನು. ಅವನು ಮುಂದೆ ತನ್ನ ಪಾಲಿಗೊಂದು ಸುಳ್ಳು ವೋಚರು ಬರೆದುಕೊಂಡರೆ ಯಜಮಾನ ಯಾವ ಬಾಯಿಂದ ಕೇಳಬೇಕು? ಲಂಚದಿಂದ ಉದ್ಯಮದ ಒಳಗೆ ಆಗುವ ಮೊದಲ ನಷ್ಟ ಇದು. ಅದು ಆರಂಭವಾಗುವುದು ಕೊಟ್ಟ ಹಣದ ಮೊತ್ತದಿಂದಲ್ಲ, ಅದಕ್ಕೆ ಬೇರೆ ಹೆಸರಿಟ್ಟ ಕ್ಷಣದಿಂದ. ಸರ್ಕಾರದೊಡನೆ ವ್ಯವಹರಿಸುವವನಿಗೆ ನಾನು ಹೇಳಬಹುದಾದ ಒಂದೇ ಪರೀಕ್ಷೆ: ಈ ಖರ್ಚನ್ನು ಅದರ ನಿಜವಾದ ಹೆಸರಿನಲ್ಲಿ, ಯಾರಿಗೆ, ಯಾತಕ್ಕೆ ಎಂದು ನಿನ್ನ ಪುಸ್ತಕದಲ್ಲಿ ಬರೆಯಬಲ್ಲೆಯಾ? ಬರೆಯಲಾಗದಿದ್ದರೆ ಅದನ್ನು ಮಾಡಬಾರದು.

ಕಾನೂನೂ ಈಗ ಹೆಚ್ಚು ಕಡಿಮೆ ಅಲ್ಲಿಗೇ ಬಂದು ನಿಂತಿದೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿ ಆ ವರ್ಷದ ಜುಲೈ 26ರಿಂದ ಜಾರಿಯಲ್ಲಿದೆ. ಅಲ್ಲಿಯವರೆಗೆ ಕಾಯ್ದೆಯ ನೋಟ ಮುಖ್ಯವಾಗಿ ತೆಗೆದುಕೊಂಡ ನೌಕರನ ಮೇಲಿತ್ತು. ‘ನಾನು ಕೊಟ್ಟೆ’ ಎಂದು ಹೇಳಿಕೆ ಕೊಟ್ಟವನಿಗೆ 24ನೇ ಕಲಮಿನಲ್ಲಿ ರಕ್ಷಣೆಯಿತ್ತು. ತಿದ್ದುಪಡಿ ಆ ಕಲಮನ್ನೇ ತೆಗೆದುಹಾಕಿತು. ಕೊಟ್ಟವನಿಗೂ ಏಳು ವರ್ಷದವರೆಗೆ ಸೆರೆವಾಸ ಆಗಬಹುದು ಎಂದಿತು. ಒತ್ತಾಯಕ್ಕೆ ಸಿಕ್ಕಿ ಕೊಟ್ಟವನಾದರೆ ಏಳು ದಿನಗಳೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು; ಆಗ ಅವನು ಅಪರಾಧಿಯಲ್ಲ. ಮೊದಲೇ ತಿಳಿಸಿ, ಅವರ ನೆರವಿಗೆಂದೇ ಹಣ ಕೊಟ್ಟರೂ ಅಪರಾಧವಲ್ಲ.

ಉದ್ಯಮಗಳಿಗೆ ಇನ್ನೂ ಮುಖ್ಯವಾದದ್ದು 9 ಮತ್ತು 10ನೇ ಕಲಮುಗಳು. ಕಂಪನಿಯ ಪರವಾಗಿ ಕೆಲಸ ಮಾಡುವ ಯಾರೇ ಆಗಲಿ, ನೌಕರನೋ ಏಜೆಂಟೋ, ಕಂಪನಿಯ ಅನುಕೂಲಕ್ಕೆ ಲಂಚ ಕೊಟ್ಟರೆ ಕಂಪನಿಯೇ ಹೊಣೆ. ಇಬ್ಬರು ಅಣ್ಣತಮ್ಮಂದಿರ ಪಾಲುದಾರಿಕೆಯ ಅಕ್ಕಿ ಗಿರಣಿಯೂ ಈ ಮಾತಿನೊಳಗೆ ಬರುತ್ತದೆ. ತಡೆಯಲು ತಕ್ಕ ವ್ಯವಸ್ಥೆ ಮಾಡಿದ್ದೆವು ಎಂದು ತೋರಿಸಿದರೆ ಮಾತ್ರ ಬಿಡುಗಡೆ. ಗೊತ್ತಿದ್ದೂ ಒಪ್ಪಿದ ನಿರ್ದೇಶಕನಿಗೆ ಮೂರರಿಂದ ಏಳು ವರ್ಷ. ‘ನಾನು ಕೊಟ್ಟಿಲ್ಲ ಸಾರ್, ಕನ್ಸಲ್ಟೆಂಟ್ ಏನು ಮಾಡ್ದ ಅಂತ ನಂಗೇನು ಗೊತ್ತು’ ಎಂಬ ಮಾತಿಗೆ ಈಗ ಬೆಲೆಯಿಲ್ಲ.

ಈ ಕಾನೂನಿನ ಹಿಂದೆ ಒಂದು ಗಂಭೀರ ಚರ್ಚೆ ನಡೆದಿತ್ತು. 2011ರಲ್ಲಿ ಕೇಂದ್ರದ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದ ಕೌಶಿಕ್ ಬಸು ಒಂದು ಪ್ರಬಂಧ ಬರೆದರು. ಒಬ್ಬನಿಗೆ ನ್ಯಾಯವಾಗಿ ಸಿಗಬೇಕಾದದ್ದನ್ನೇ ತಡೆಹಿಡಿದು ಕಾಡಿ ಕೀಳುವ ಲಂಚದಲ್ಲಿ ಕೊಟ್ಟವನನ್ನು ಅಪರಾಧಿಯಾಗಿಸಬಾರದು, ತೆಗೆದುಕೊಂಡವನ ಶಿಕ್ಷೆ ಹೆಚ್ಚಿಸಬೇಕು ಎಂಬುದು ಅವರ ವಾದ. ಇಬ್ಬರೂ ಅಪರಾಧಿಗಳಾದರೆ ಇಬ್ಬರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ಕೊಟ್ಟವನಿಗೆ ಭಯವಿಲ್ಲದಿದ್ದರೆ ಕೆಲಸವಾದ ಮರುದಿನವೇ ದೂರು ಕೊಡುತ್ತಾನೆ, ಆ ಅಂಜಿಕೆಗೆ ನೌಕರ ಕೈ ಚಾಚುವುದಿಲ್ಲ. ಬಹಳ ಜನ ಅದನ್ನು ವಿರೋಧಿಸಿದರು. ಲಂಚ ಕೊಡುವುದೇ ಸಹಜವೆಂದು ಒಪ್ಪಿಕೊಂಡಂತಾಗುತ್ತದೆ ಎಂದರು. ಏಳು ವರ್ಷದ ನಂತರ ಸಂಸತ್ತು ಹಿಡಿದದ್ದು ಬಸು ತೋರಿಸಿದ ದಾರಿಯ ತದ್ವಿರುದ್ಧ ದಿಕ್ಕು. ಆ ಏಳು ದಿನಗಳ ಕಿಂಡಿ ಮಾತ್ರ ಉಳಿಯಿತು. ಸಣ್ಣ ಉದ್ಯಮಿಯ ಕಡೆಯಿಂದ ನೋಡಿದರೆ ಆ ಕಿಂಡಿ ತೀರ ಕಿರಿದು. ಮೊದಲ ಏಳು ದಿನಗಳಲ್ಲಿ ಅವನ ಕಡತ ಇನ್ನೂ ಅದೇ ಮೇಜಿನ ಮೇಲೆಯೇ ಇರುತ್ತದೆ.

ಆದರೂ ಬಸು ಎಳೆದ ಗೆರೆ ಯೋಚಿಸಲು ಉಪಯುಕ್ತ. ನನ್ನದನ್ನೇ ನನಗೆ ಕೊಡಲು ಕಾಡಿಸಿ ಕಿತ್ತ ಲಂಚ ಒಂದು ಬಗೆ. ನನ್ನದಲ್ಲದ್ದನ್ನು ಪಡೆಯಲು ನಾನೇ ಮುಂದಾಗಿ ಕೊಟ್ಟ ಲಂಚ ಇನ್ನೊಂದು ಬಗೆ. ಉದ್ಯಮಿಗಳು ಮಾತಿಗೆ ಕೂತಾಗ ತಮ್ಮ ಎಲ್ಲ ಲಂಚವೂ ಮೊದಲ ಬಗೆಯದೆಂದೇ ಹೇಳುತ್ತಾರೆ. ಹಾಗಿದ್ದರೆ ಸಂಸ್ಕರಿಸದ ನೀರನ್ನು ರಾತ್ರಿ ಹಳ್ಳಕ್ಕೆ ಬಿಟ್ಟದ್ದನ್ನು ಕಾಣದಂತೆ ಮಾಡಿದ ಹಣ ಯಾವ ಬಗೆಯದು? ಪರ್ಮಿಟ್‌ನಲ್ಲಿ ಬರೆದದ್ದಕ್ಕಿಂತ ಹೆಚ್ಚು ಕಲ್ಲು ಸಾಗಿಸಲು ಕೊಟ್ಟದ್ದು? ಅಲ್ಲಿ ಉದ್ಯಮಿಯೂ ನೌಕರನೂ ಒಂದೇ ಪಕ್ಷ. ಕಳೆದುಕೊಂಡವನು ಆ ಕೋಣೆಯಲ್ಲೇ ಇಲ್ಲದ ಮೂರನೆಯವನು.

ಆ ಮೂರನೆಯವನ ನಷ್ಟ ಎಷ್ಟಾಗಬಹುದು ಎನ್ನುವುದನ್ನು ಕರ್ನಾಟಕ ಬಳ್ಳಾರಿಯಲ್ಲಿ ನೋಡಿದೆ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ಕೊಟ್ಟ ವರದಿ, ಅಕ್ರಮ ಗಣಿಗಾರಿಕೆಯಿಂದ ರಾಜ್ಯಕ್ಕೆ 16,085 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ಅಂದಾಜಿಸಿತು. ತಿಂಗಳು ಮುಗಿಯುವಷ್ಟರಲ್ಲಿ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಅದಿರು ಹೋಗುತ್ತಿದ್ದ ಬೇಲೆಕೇರಿ ಬಂದರಿನಲ್ಲಿ ಕೆಲಸ ಮಾಡುತ್ತಿದ್ದ ಕಂಪನಿಯೊಂದರ ದಾಖಲೆಗಳಲ್ಲಿ ಬೇರೆ ಬೇರೆ ಇಲಾಖೆಗಳಿಗೆ ಹಣ ಹೋದ ಲೆಕ್ಕವಿತ್ತೆಂದು ಆ ವರದಿ ಹೇಳಿತು. ಕಂಪನಿ ಅದನ್ನು ನಿರಾಕರಿಸಿತು. ರಾಜಕಾರಣಿಗಳ ಹೆಸರು ಎಲ್ಲರಿಗೂ ನೆನಪಿದೆ. ಲಾರಿ ಮಾಲೀಕರು, ತೂಕದ ಸೇತುವೆಯವರು, ರಫ್ತುದಾರರು, ಸಣ್ಣ ಗುತ್ತಿಗೆದಾರರು ಹೀಗೆ ಸಾವಿರಾರು ವ್ಯಾಪಾರಿಗಳು ದಿನದಿನವೂ ‘ಎಲ್ಲರೂ ಮಾಡ್ತಾರೆ’ ಎಂದು ಮಾಡದೆ ಅಷ್ಟು ಅದಿರು ಬೆಟ್ಟ ಇಳಿದು ಸಮುದ್ರ ಸೇರುತ್ತಿರಲಿಲ್ಲ.

ಬಳ್ಳಾರಿ ದೂರವೆನಿಸಿದರೆ ಗುಂಡ್ಲುಪೇಟೆ ಹತ್ತಿರವಿದೆ. ಈ ಜಿಲ್ಲೆಯ ಕರಿಕಲ್ಲು ಹೊರದೇಶಗಳಿಗೆ ಹೋಗುವ ಸರಕು. 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಕಲ್ಲುಗಣಿಯಲ್ಲಿ ಬಂಡೆಗಳು ಕುಸಿದು ಕಾರ್ಮಿಕರು ಸತ್ತರು. ಆ ಪ್ರಕರಣದಲ್ಲಿ ಯಾರು ಯಾರಿಗೆ ಏನು ಕೊಟ್ಟರೆಂದು ಹೇಳುವ ಆಧಾರ ನನ್ನಲ್ಲಿಲ್ಲ, ಹೇಳುವುದೂ ಇಲ್ಲ. ಒಂದು ಮಾತು ಮಾತ್ರ ಹೇಳಬಲ್ಲೆ: ಗಣಿ ತಪಾಸಣೆ ಎಂಬ ವ್ಯವಸ್ಥೆ ಇರುವುದು ಮಾಲೀಕನನ್ನು ಕಾಡಿಸಲಿಕ್ಕಲ್ಲ, ಬಂಡೆಯ ಕೆಳಗೆ ನಿಲ್ಲುವವನಿಗಾಗಿ. ತಪಾಸಣೆಗೆ ಬಂದವನನ್ನು ಜಾಗಕ್ಕೆ ಕರೆದೊಯ್ಯದೆ ಕಚೇರಿಯಲ್ಲೇ ಕಾಫಿ ಕೊಟ್ಟು ಕಳಿಸುವ ಮಾಲೀಕ ಎಲ್ಲೇ ಇರಲಿ, ಅವನು ಉಳಿಸಿಕೊಂಡದ್ದು ತನ್ನ ಸಮಯವನ್ನು, ಪಣಕ್ಕಿಟ್ಟದ್ದು ಇನ್ನೊಬ್ಬನ ಜೀವವನ್ನು. ನೀರಿನ ಮಾತೂ ಹೀಗೆಯೇ. ಗುಂಡ್ಲುಪೇಟೆ ತಾಲ್ಲೂಕು ಅಂತರ್ಜಲವನ್ನು ಮಿತಿಮೀರಿ ಎತ್ತಿದ ತಾಲ್ಲೂಕುಗಳ ಪಟ್ಟಿಯಲ್ಲಿದೆ. ಇಂಥ ಸೀಮೆಯಲ್ಲಿ ಅನುಮತಿಯಿಲ್ಲದೆ ಕೊರೆದ ಒಂದು ಕೊಳವೆಬಾವಿ ಪಕ್ಕದ ರೈತನ ಅರಿಶಿನವನ್ನು ಒಣಗಿಸುತ್ತದೆ.

ಗುಂಡ್ಲುಪೇಟೆಯವರೇ ಆದ ಅಬ್ದುಲ್ ನಜೀರ್‌ಸಾಬ್ ಹೆಸರು ಇಲ್ಲಿ ಬಾರದೆ ಇರಲಾರದು. ರಾಮಕೃಷ್ಣ ಹೆಗಡೆ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿ ಊರೂರಿಗೆ ಕೊಳವೆಬಾವಿ ಹಾಕಿಸಿ ‘ನೀರ್‌ಸಾಬ್’ ಎನಿಸಿಕೊಂಡವರು ಅವರು. ಅಧಿಕಾರವನ್ನು ವಿಧಾನಸೌಧದಿಂದ ಜಿಲ್ಲಾ ಪರಿಷತ್ತಿಗೆ, ಮಂಡಲ ಪಂಚಾಯಿತಿಗೆ ಇಳಿಸಿದ 1983ರ ಕಾಯ್ದೆಯ ಹಿಂದೆ ಅವರಿದ್ದರು. ತೀರ್ಮಾನ ಮಾಡುವವನು ಜನರ ಕಣ್ಣಳತೆಯಲ್ಲಿದ್ದರೆ ಅವನನ್ನು ಪ್ರಶ್ನಿಸಬಹುದು ಎಂಬುದು ಆ ವ್ಯವಸ್ಥೆಯ ಜೀವಾಳ. ಕೈಗಾರಿಕಾ ಪ್ರದೇಶಕ್ಕೆ ಬಂದ ಉದ್ಯಮಿ ಕೆಐಎಡಿಬಿಯೊಡನೆ ಮಾತಾಡುತ್ತಾನೆ, ಜಿಲ್ಲಾಡಳಿತದೊಡನೆ ಮಾತಾಡುತ್ತಾನೆ. ಗ್ರಾಮಸಭೆಗೆ ಹೋಗಿ ‘ನನ್ನ ಕಾರ್ಖಾನೆಯಿಂದ ಇಷ್ಟು ನೀರು ಹೊರಬರುತ್ತದೆ, ಅದನ್ನು ಹೀಗೆ ಶುದ್ಧ ಮಾಡುತ್ತೇನೆ’ ಎಂದು ಹೇಳುವವನು ಅಪರೂಪ. ಕಾನೂನು ಕೇಳದಿದ್ದರೂ ಹೇಳಬೇಕು. ಊರಿನವರಿಗೆ ಮೊದಲೇ ತಿಳಿದಿರುವ ವಿಷಯವನ್ನು ಮುಚ್ಚಿಡಲು ಯಾರೂ ಹಣ ಕೇಳಲಾರರು.

ಲಂಚ ಕೊಡುವವನು ಹೆಚ್ಚಿನ ಸಲ ಕೊಳ್ಳುವುದು ಸಮಯವನ್ನು. ಗುಂಡ್ಲುಪೇಟೆಯಿಂದ ತರಕಾರಿ ತುಂಬಿಕೊಂಡು ಕೇರಳಕ್ಕೆ ಹೊರಟ ಲಾರಿಯನ್ನು ನೋಡಿ. ಬಂಡೀಪುರದ ಕಾಡಿನಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಟೊಮೆಟೊ ಕಾಯುವುದಿಲ್ಲ. ಹೊತ್ತು ಮೀರಿದರೆ ಇಡೀ ರಾತ್ರಿ ನಿಲ್ಲಬೇಕು ಎಂಬ ಅವಸರದಲ್ಲಿರುವವನ ಕಾಗದದಲ್ಲಿ ಒಂದು ಸಣ್ಣ ಕೊರತೆ ಕಂಡರೂ ಸಾಕು, ಹಣ ಕೇಳುವ ಮನಸ್ಸಿದ್ದವನಿಗೆ ಅದೇ ಬಂಡವಾಳ. ಬ್ಯಾಂಕಿನ ಬಡ್ಡಿ ಓಡುತ್ತಿರುವ ಕಾರ್ಖಾನೆಯದೂ ಇದೇ ಪಾಡು. ಪ್ರಾಮಾಣಿಕವಾಗಿ ಉಳಿಯಬೇಕಾದರೆ ಉದ್ಯಮಿ ಮೊದಲು ತನ್ನ ಅವಸರವನ್ನು ಕಡಿಮೆ ಮಾಡಿಕೊಳ್ಳಬೇಕು. ಯೋಜನಾ ವರದಿ ಬರೆಯುವಾಗಲೇ ಅನುಮತಿಗಳಿಗೆ ಬೇಕಾದ ತಿಂಗಳುಗಳನ್ನು, ಆ ತಿಂಗಳುಗಳ ಬಡ್ಡಿಯನ್ನು ಸೇರಿಸಬೇಕು. ಇದನ್ನು ಖರ್ಚೆಂದು ಪುಸ್ತಕದಲ್ಲಿ ಧೈರ್ಯವಾಗಿ ಬರೆಯಬಹುದು.

ಇನ್ಫೊಸಿಸ್‌ನ ನಾರಾಯಣಮೂರ್ತಿ ತಮ್ಮ ಕಂಪನಿಯ ಆರಂಭದ ದಿನಗಳ ಒಂದು ಪ್ರಸಂಗ ಹೇಳಿದ್ದಾರೆ. 1984ರಲ್ಲಿ ಹೊರದೇಶದಿಂದ ತರಿಸಿದ ಕಂಪ್ಯೂಟರ್ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಬಂತು. ‘ನೋಡಿಕೊಳ್ಳದೆ’ ಬಿಡುವುದಿಲ್ಲ ಎಂದ ಸುಂಕದ ಅಧಿಕಾರಿ. ಕೊಡಲು ಒಪ್ಪದ ಕಂಪನಿ ರಿಯಾಯಿತಿಯನ್ನು ಬಿಟ್ಟು ಶೇ 135ರಷ್ಟು ಸುಂಕ ಕಟ್ಟಿ, ಹೆಚ್ಚಿಗೆ ಕಟ್ಟಿದ ಹಣಕ್ಕೆ ಮೇಲ್ಮನವಿ ಹಾಕುವ ದಾರಿ ಹಿಡಿಯಿತು. ಆಗ ಅದು ದೊಡ್ಡ ಕಂಪನಿಯಲ್ಲ. ಈ ಕಥೆಯನ್ನು ಪ್ರಾಮಾಣಿಕತೆಗೆ ಪುರಸ್ಕಾರ ಸಿಕ್ಕ ಕಥೆಯಾಗಿ ಹೇಳುವವರುಂಟು. ನನಗೆ ಮುಖ್ಯವೆನಿಸುವುದು ಬೇರೆ: ಲಂಚ ಕೊಡದಿರುವುದಕ್ಕೂ ಒಂದು ಬೆಲೆಯಿದೆ, ಅದನ್ನು ಅವರು ರೂಪಾಯಿಗಳಲ್ಲಿ ಕಟ್ಟಿದರು. ಅಷ್ಟು ಹಣ ಹೊಂದಿಸಲಾಗದ ಅರಿಶಿನದ ಘಟಕದವನಿಗೆ ‘ಮೂರ್ತಿಯವರಂತೆ ಇರು’ ಎಂದರೆ ಸಾಲದು. ಅವನಿಗೆ ಬೇರೆ ಆಯುಧಗಳು ಬೇಕು.

ಅವು ಇವೆ. ಬಹುತೇಕ ಕಾಗದದ ಆಯುಧಗಳು. ನೀರಿನ ಮಾಲಿನ್ಯ ತಡೆಗೆಂದು 1974ರಲ್ಲಿ ಬಂದ ಕಾಯ್ದೆಯ 25ನೇ ಕಲಮಿನ ಪ್ರಕಾರ, ಸಮ್ಮತಿಗೆ ಅರ್ಜಿ ಕೊಟ್ಟು ನಾಲ್ಕು ತಿಂಗಳಾದರೂ ಮಂಡಳಿ ಒಪ್ಪಿಗೆಯನ್ನೂ ಕೊಡದೆ ನಿರಾಕರಣೆಯನ್ನೂ ಮಾಡದಿದ್ದರೆ ಸಮ್ಮತಿ ಸಿಕ್ಕಿದೆಯೆಂದೇ ಭಾವಿಸಬೇಕು. ಆ ನಾಲ್ಕು ತಿಂಗಳ ಎಣಿಕೆ ಶುರುವಾಗುವುದು ಪೂರ್ತಿ ಅರ್ಜಿ ಕೊಟ್ಟ ದಿನದಿಂದ. ಆದ್ದರಿಂದ ದಿನಾಂಕವಿರುವ ಸ್ವೀಕೃತಿ ಪತ್ರ ಬೆಲೆಬಾಳುತ್ತದೆ. 2012ರ ಏಪ್ರಿಲ್ 2ರಂದು ರಾಜ್ಯವೆಲ್ಲ ಜಾರಿಗೆ ಬಂದ ಸಕಾಲ ಕಾಯ್ದೆಯಲ್ಲಿ ಅರ್ಜಿಗೊಂದು ಸಂಖ್ಯೆ, ಕೆಲಸಕ್ಕೊಂದು ಗಡುವು ಇದೆ. ತಡವಾದ ಪ್ರತಿ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಮೊತ್ತ ಚಿಕ್ಕದು ಎಂದು ಯಾರೂ ಕೇಳಲು ಹೋಗುವುದಿಲ್ಲ. ಆದರೆ ಅದು ನೌಕರನ ಸಂಬಳದಿಂದ ಹೋಗಬೇಕಾದ ಹಣ; ಬೊಕ್ಕಸದ್ದಲ್ಲ. ಕರ್ನಾಟಕ ಕೈಗಾರಿಕೆಗಳ ಸೌಲಭ್ಯ ಕಾಯ್ದೆಗೆ 2020ರಲ್ಲಿ ಮಾಡಿದ ತಿದ್ದುಪಡಿ ಇನ್ನೂ ಮುಂದೆ ಹೋಯಿತು: ನಿಯಮ ಪಾಲಿಸುತ್ತೇನೆಂದು ಪ್ರಮಾಣಪತ್ರ ಕೊಟ್ಟು ಕಟ್ಟಡದ ಕೆಲಸ ಶುರು ಮಾಡಬಹುದು, ಉಳಿದ ಅನುಮತಿಗಳನ್ನು ಆಮೇಲೆ ಪಡೆಯಬಹುದು. ಈ ನಂಬಿಕೆಗೆ ಉದ್ಯಮಿ ತಕ್ಕವನಾಗಿರಬೇಕು. ಪ್ರಮಾಣಪತ್ರದಲ್ಲಿ ಸುಳ್ಳು ಬರೆದವನು ನಾಳೆ ಬರುವ ತಪಾಸಣೆಗಾರನ ಕೈಗೆ ತಾನೇ ಬೀಗದ ಕೈ ಕೊಟ್ಟಂತೆ.

ಕಚೇರಿಯಲ್ಲಿ ‘ಇದು ಆಗೋಲ್ಲ’ ಎಂದರೆ, ಯಾವ ನಿಯಮದಡಿ ಆಗುವುದಿಲ್ಲವೆಂದು ಬರೆದು ಹಿಂಬರಹ ಕೊಡಿ ಎಂದು ಸೌಜನ್ಯದಿಂದ ಕೇಳಬೇಕು. ಬಾಯಿಮಾತಿನ ನಿರಾಕರಣೆ ಎಷ್ಟೋ ಸಲ ಬರಹಕ್ಕೆ ಇಳಿಯುವಾಗ ಕರಗುತ್ತದೆ. ಕಡತ ಯಾವ ಮೇಜಿನಲ್ಲಿ ಎಷ್ಟು ದಿನ ಇತ್ತು ಎಂಬುದನ್ನು ಮಾಹಿತಿ ಹಕ್ಕಿನಡಿ ಕೇಳಬಹುದು, 30 ದಿನದಲ್ಲಿ ಉತ್ತರ ಬರಬೇಕು. ಇವೆಲ್ಲ ಉಪಯೋಗಕ್ಕೆ ಬರುವುದು ಅರ್ಜಿದಾರನ ಕಡೆ ತಪ್ಪಿಲ್ಲದಿದ್ದಾಗ ಮಾತ್ರ. ನಕ್ಷೆಯಲ್ಲಿ ತೋರಿಸಿದ ಸೆಟ್‌ಬ್ಯಾಕ್ ನೆಲದ ಮೇಲೆ ಇಲ್ಲದವನು ಯಾವ ಧೈರ್ಯದಿಂದ ಹಿಂಬರಹ ಕೇಳಿಯಾನು?

ಬರಹದಲ್ಲಿ ಇಲ್ಲದ ವ್ಯವಹಾರ ಎಲ್ಲಿಗೆ ಒಯ್ಯಬಹುದು ಎನ್ನುವುದಕ್ಕೆ ಬೆಳಗಾವಿಯ ಹಿಂಡಲಗಾದ ಪ್ರಕರಣವಿದೆ. ಕಾರ್ಯಾದೇಶ ಕೈಗೆ ಬರುವ ಮೊದಲೇ, ಮೌಖಿಕ ಭರವಸೆಯ ಮೇಲೆ ಸುಮಾರು 4 ಕೋಟಿ ರೂಪಾಯಿಯ ಕಾಮಗಾರಿ ಮಾಡಿದ್ದೇನೆಂದು ಹೇಳಿದ ಗುತ್ತಿಗೆದಾರರೊಬ್ಬರು, ಬಿಲ್ಲಿಗಾಗಿ ಶೇ 40 ಕಮಿಷನ್ ಕೇಳುತ್ತಿದ್ದಾರೆಂದು ಆರೋಪಿಸಿದ್ದರು. 2022ರ ಏಪ್ರಿಲ್ 12ರಂದು ಅವರ ದೇಹ ಉಡುಪಿಯ ವಸತಿಗೃಹದಲ್ಲಿ ಸಿಕ್ಕಿತು. ಗ್ರಾಮೀಣಾಭಿವೃದ್ಧಿ ಸಚಿವರು ರಾಜೀನಾಮೆ ಕೊಟ್ಟರು. ಮುಂದೆ ಪೊಲೀಸರು ಸಾಕ್ಷ್ಯವಿಲ್ಲವೆಂದು ಬಿ ವರದಿ ಸಲ್ಲಿಸಿದರು. ಅದಕ್ಕೂ ಮೊದಲು, 2021ರ ಜುಲೈನಲ್ಲಿ ರಾಜ್ಯ ಗುತ್ತಿಗೆದಾರರ ಸಂಘದ ಅಧ್ಯಕ್ಷ ಡಿ. ಕೆಂಪಣ್ಣ ಇಂಥದೇ ಕಮಿಷನ್ ಆರೋಪ ಮಾಡಿ ಪ್ರಧಾನಿಗೆ ಪತ್ರ ಬರೆದಿದ್ದರು. ನ್ಯಾಯಮೂರ್ತಿ ನಾಗಮೋಹನ್‌ದಾಸ್ ಆಯೋಗ ಈ ಆರೋಪಗಳನ್ನು ವಿಚಾರಿಸಿ 2025ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ರಾಜಕೀಯ ಪಕ್ಷಗಳು ಇದನ್ನು ಒಂದರ ಮೇಲೊಂದು ಎಸೆಯಲು ಬಳಸಿಕೊಂಡವು. ಗುತ್ತಿಗೆದಾರರು ತಮಗಾಗಿ ಉಳಿಸಿಕೊಳ್ಳಬೇಕಾದ ಪಾಠ ನನ್ನ ಪ್ರಕಾರ ಒಂದೇ: ಯಾರೇ ಹೇಳಲಿ, ಮಂತ್ರಿಯೇ ಹೇಳಲಿ, ಕಾರ್ಯಾದೇಶವಿಲ್ಲದೆ ಒಂದು ಬುಟ್ಟಿ ಮಣ್ಣನ್ನೂ ಎತ್ತಬಾರದು. ಟೆಂಡರು ಕರೆಯುವುದಕ್ಕೆ 1999ರ ಪಾರದರ್ಶಕತೆ ಕಾಯ್ದೆ ಇದೆ. ಅದನ್ನು ದಾಟಿ ಸಿಗುವ ಕೆಲಸ ಉಪಕಾರವಾಗಿ ಸಿಗುತ್ತದೆ, ಉಪಕಾರಕ್ಕೆ ಬಿಲ್ಲು ಬರೆಯಲಾಗುವುದಿಲ್ಲ.

ದೂರು ಕೊಡುವುದು ಹೇಗೆ ನಡೆಯುತ್ತದೆಂದು ತಿಳಿಯದೆ ಹಿಂಜರಿಯುವವರು ಬಹಳ. ಜಿಲ್ಲಾ ಕೇಂದ್ರದ ಲೋಕಾಯುಕ್ತ ಪೊಲೀಸರಿಗೆ ದೂರು ಕೊಟ್ಟರೆ ಅವರು ಬೇಡಿಕೆ ನಿಜವೇ ಎಂದು ಮೊದಲು ಖಚಿತಪಡಿಸಿಕೊಳ್ಳುತ್ತಾರೆ. ನೋಟುಗಳ ಸಂಖ್ಯೆ ಬರೆದುಕೊಂಡು ಫಿನಾಫ್ತಲೀನ್ ಪುಡಿ ಸವರುತ್ತಾರೆ. ಪಂಚರ ಸಮಕ್ಷಮ ಹಣ ಕೈ ಬದಲಾದ ಮೇಲೆ ಆ ಕೈಯನ್ನು ಸೋಡಾ ದ್ರಾವಣದಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. 2023ರ ಮಾರ್ಚ್‌ನಲ್ಲಿ, ಸರ್ಕಾರಿ ಸಾಬೂನು ಕಾರ್ಖಾನೆಗೆ ಕಚ್ಚಾವಸ್ತು ಪೂರೈಸುವ ವ್ಯವಹಾರದಲ್ಲಿ ಬಂದ ಒಂದು ದೂರಿನ ಮೇಲೆ ಲೋಕಾಯುಕ್ತ ಪೊಲೀಸರು ಬೆಂಗಳೂರಿನಲ್ಲಿ 40 ಲಕ್ಷ ರೂಪಾಯಿಯೊಡನೆ ನಿಗಮದ ಅಧ್ಯಕ್ಷರಾಗಿದ್ದ ಶಾಸಕರ ಮಗನನ್ನು ಹಿಡಿದರು. ವ್ಯಾಪಾರಿಯೊಬ್ಬ ದೂರು ಕೊಡದಿದ್ದರೆ ಆ ದಾಳಿಯೇ ಇರುತ್ತಿರಲಿಲ್ಲ. ದೂರುದಾರ ಮುಂದೆ ಹೆದರಿ ಮಾತು ತಿರುಗಿಸಿದರೂ, ಸತ್ತರೂ, ಬೇರೆ ಸಾಕ್ಷ್ಯಗಳಿಂದ ಬೇಡಿಕೆಯನ್ನೂ ಸ್ವೀಕಾರವನ್ನೂ ಸಾಬೀತುಪಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನೀರಜ್ ದತ್ತಾ ಪ್ರಕರಣದಲ್ಲಿ 2022ರ ಡಿಸೆಂಬರ್ 15ರಂದು ಹೇಳಿದೆ. ಕಾವಲುಗಾರರ ಮನೆಯೂ ಸದಾ ಶುದ್ಧವಿರಲಿಲ್ಲ. 2015ರಲ್ಲಿ ಲೋಕಾಯುಕ್ತ ಕಚೇರಿಯ ಒಳಗೇ ಸುಲಿಗೆಯ ಆರೋಪ ಎದ್ದಿತು, 2016ರಲ್ಲಿ ಪ್ರತ್ಯೇಕ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ಬಂತು, 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನು ರದ್ದುಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಜನ ಹಿಂಜರಿಯುವುದಕ್ಕೆ ಕಾರಣಗಳಿವೆ ಎಂದು ಒಪ್ಪಿಯೇ ಮುಂದೆ ಹೋಗಬೇಕು.

ಮಧ್ಯವರ್ತಿಯ ಮೂಲಕ ಕೊಟ್ಟರೆ ತನ್ನ ಕೈ ಒದ್ದೆಯಾಗದು ಎಂದು ದೊಡ್ಡ ಕಂಪನಿಗಳೂ ನಂಬಿದ್ದುಂಟು. ಕಾಗ್ನಿಜೆಂಟ್ ಚೆನ್ನೈನಲ್ಲಿ ತನ್ನ ದೊಡ್ಡ ಕಚೇರಿ ಸಮುಚ್ಚಯ ಕಟ್ಟಿಸುವಾಗ, ಯೋಜನಾ ಅನುಮತಿಗಾಗಿ ಕಟ್ಟಡ ಗುತ್ತಿಗೆದಾರರ ಮೂಲಕ ಸುಮಾರು 20 ಲಕ್ಷ ಡಾಲರ್ ಲಂಚ ಕೊಡಲು ಒಪ್ಪಿಗೆ ಕೊಟ್ಟಿತು, ಅದನ್ನು ಕಟ್ಟಡದ ಹೆಚ್ಚುವರಿ ಕೆಲಸದ ಬಿಲ್ಲುಗಳಲ್ಲಿ ಸೇರಿಸಿ ತುಂಬಿಕೊಟ್ಟಿತು ಎಂಬುದು ಅಮೆರಿಕದ ಷೇರು ನಿಯಂತ್ರಣ ಸಂಸ್ಥೆಯ ಆರೋಪವಾಗಿತ್ತು. ಕಂಪನಿ ತಾನೇ ಮುಂದೆ ಬಂದು ವಿಷಯ ತಿಳಿಸಿತ್ತು. 2019ರಲ್ಲಿ ಸುಮಾರು 2.5 ಕೋಟಿ ಡಾಲರ್ ಕಟ್ಟಿ ಇತ್ಯರ್ಥ ಮಾಡಿಕೊಂಡಿತು. ಕಂಪನಿಯ ಉನ್ನತಾಧಿಕಾರಿಗಳ ಮೇಲಿದ್ದ ಮೊಕದ್ದಮೆಯನ್ನು ಅಮೆರಿಕ 2025ರಲ್ಲಿ ಕೈಬಿಟ್ಟಿತು. ಅಲ್ಲಿನ ಗಾಳಿ ಹೇಗೇ ಬೀಸಲಿ, ನಮ್ಮ ಭ್ರಷ್ಟಾಚಾರ ತಡೆ ಕಾಯ್ದೆಯ 9ನೇ ಕಲಮು ಇಲ್ಲೇ ಇದೆ.

ನೋಟಿನ ರೂಪದಲ್ಲಿ ಬಾರದ ಕೊಡುಗೆಗಳನ್ನು ನಾವು ಲಂಚವೆಂದು ಎಣಿಸುವುದೇ ಇಲ್ಲ. ದೀಪಾವಳಿಯ ಬುಟ್ಟಿ, ಅಧಿಕಾರಿಯ ಮಗಳ ಮದುವೆಗೆ ಹಾಕಿಸಿದ ಶಾಮಿಯಾನ, ಭಾವಮೈದುನನಿಗೆ ಕೊಟ್ಟ ಸೂಪರ್‌ವೈಸರ್ ಕೆಲಸ, ಕಚೇರಿಗೆ ಕೊಡಿಸಿದ ಎ.ಸಿ. ಕಾಯ್ದೆಯ ಪ್ರಕಾರ ಅನುಚಿತ ಲಾಭ ಹಣವೇ ಆಗಿರಬೇಕೆಂದಿಲ್ಲ. ಉತ್ಸವಗಳಿಗೆ ಪ್ರಾಯೋಜಕತ್ವ ಕೇಳುವುದೂ ಸಾಮಾನ್ಯ. ಊರ ಹಬ್ಬಕ್ಕೆ ಕಾರ್ಖಾನೆ ಕೈ ಜೋಡಿಸುವುದು ಸಂತೋಷದ ಮಾತೇ. ಕೇಳಿದವರ ಮೇಜಿನ ಮೇಲೆ ನಿಮ್ಮ ಅರ್ಜಿ ಇರುವಾಗ ಕೊಟ್ಟರೆ ಅದು ಹಬ್ಬದ ಲೆಕ್ಕಕ್ಕೆ ಸೇರುವುದಿಲ್ಲ. ಕಂಪನಿ ಕಾಯ್ದೆಯ 135ನೇ ಕಲಮಿನಂತೆ ಸಾಮಾಜಿಕ ಹೊಣೆಗಾರಿಕೆಗೆ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಖರ್ಚು ಮಾಡಬೇಕಾದ ಕಂಪನಿಗಳಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಶಾಲೆಯ ಕೊಠಡಿ ಕಟ್ಟಿಸುವ ತೀರ್ಮಾನ ಆಡಳಿತ ಮಂಡಳಿಯಲ್ಲಿ ಆಗಲಿ, ಹಣ ನೇರವಾಗಿ ಆ ಕೆಲಸಕ್ಕೆ ಹೋಗಲಿ, ಊರಿನ ಫಲಕದಲ್ಲಿ ಮೊತ್ತ ಬರೆದಿರಲಿ. ರಾಜಕೀಯ ಪಕ್ಷಗಳಿಗೆ ಗುಟ್ಟಾಗಿ ಕೊಡಬಹುದಾಗಿದ್ದ ಚುನಾವಣಾ ಬಾಂಡುಗಳನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು ರದ್ದು ಮಾಡಿದ್ದೂ ಮತದಾರನಿಗೆ ತಿಳಿಯುವ ಹಕ್ಕಿದೆ ಎಂಬ ಕಾರಣಕ್ಕೇ.

ಇನ್ನೊಬ್ಬರ ಕಡೆಯಿಂದಲೂ ಈ ವಿಷಯವನ್ನು ನೋಡಬೇಕು: ಜಮೀನು ಕೊಟ್ಟ ರೈತ. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ 1966ರದು. ಅದರ 28(1)ರಲ್ಲಿ ಪ್ರಾಥಮಿಕ ಅಧಿಸೂಚನೆ, ಆಮೇಲೆ ಆಕ್ಷೇಪಣೆಗಳ ವಿಚಾರಣೆ, 28(4)ರಲ್ಲಿ ಅಂತಿಮ ಅಧಿಸೂಚನೆ, ಕೊನೆಗೆ 29ರಲ್ಲಿ ಒಪ್ಪಂದದ ಮೇಲೆ ಪರಿಹಾರ. ಪಹಣಿ, ವಂಶವೃಕ್ಷ, ಪೋಡಿ ಎಂದು ಅಲೆಯುವ ರೈತನಿಗೆ ಪರಿಹಾರದ ಹಣ ಬರುವ ದಾರಿಯಲ್ಲೂ ‘ನಾವು ಮಾಡಿಸಿಕೊಡ್ತೀವಿ’ ಎನ್ನುವವರು ಎದುರಾಗುತ್ತಾರೆ. ಧಾರವಾಡದ ಕೆಐಎಡಿಬಿ ಕಚೇರಿಯಲ್ಲಿ ಒಮ್ಮೆ ಪರಿಹಾರ ಕೊಟ್ಟ ಜಮೀನಿಗೇ ಮತ್ತೆ ಪರಿಹಾರ ಎತ್ತಿದ ಆರೋಪ ಸಿಐಡಿ ಮತ್ತು ಇ.ಡಿ. ತನಿಖೆಗೆ ಹೋಯಿತು. ಬದನಗುಪ್ಪೆಯಲ್ಲಿ ನಿವೇಶನ ಪಡೆದ ಉದ್ಯಮಿ, ತಾನು ಹಣ ಕಟ್ಟಿ ಹಂಚಿಕೆ ಪತ್ರ ಪಡೆದ ಮೇಲೆ ಆ ನೆಲದ ಹಿಂದಿನ ಕಥೆ ತನಗೆ ಸಂಬಂಧವಿಲ್ಲವೆಂದುಕೊಳ್ಳಬಹುದು. ಕಾನೂನಿನಲ್ಲಿ ಅದು ಸರಿ. ತನ್ನ ನಿವೇಶನದಲ್ಲಿ ಉತ್ತಿದ್ದವರಿಗೆ ಪರಿಹಾರ ಮುಟ್ಟಿತೇ, ಭೂಮಿ ಕಳೆದುಕೊಂಡ ಮನೆಯ ಮಕ್ಕಳಿಗೆ ಕೆಲಸ ಕೊಡುವ ಮಾತು ನಡೆಯಿತೇ ಎಂದು ಒಂದು ಪತ್ರ ಬರೆದು ಕೇಳುವ ಉದ್ಯಮಿಯನ್ನು ನಾನು ಹೆಚ್ಚು ಗೌರವಿಸುತ್ತೇನೆ.

ಅಧಿಕಾರಿಗಳೆಲ್ಲ ಕೈ ಚಾಚಿಯೇ ಕೂತಿರುತ್ತಾರೆ ಎಂಬ ಊಹೆಯೂ ಅನ್ಯಾಯ. ಕಡತ ಓದಿ, ಜಾಗಕ್ಕೆ ಹೋಗಿ ನೋಡಿ, ನಿಯಮದಂತೆ ಸಹಿ ಮಾಡುವ ಎಂಜಿನಿಯರು, ಎಫ್‌ಡಿಎ, ಸರ್ವೆಯರು ಪ್ರತಿ ಕಚೇರಿಯಲ್ಲೂ ಇದ್ದಾರೆ. ಕೇಳುವ ಮೊದಲೇ ಲಕೋಟೆ ಚಾಚುವ ಉದ್ಯಮಿ ಅವರನ್ನು ಅವಮಾನಿಸುತ್ತಾನೆ, ಪಕ್ಕದ ಮೇಜಿನವನಿಗೆ ದರ ಕಲಿಸುತ್ತಾನೆ. ನಿಯಮದಂತೆ ‘ಇಲ್ಲ’ ಎಂದ ಅಧಿಕಾರಿಯ ವರ್ಗಾವಣೆಗೆ ಶಾಸಕರ ಪತ್ರ ಹಿಡಿದು ಓಡಾಡುವುದು ನಗದು ಲಂಚಕ್ಕಿಂತ ಕಡಿಮೆ ತಪ್ಪಲ್ಲ.

ಒಬ್ಬನೇ ನಿಂತರೆ ಸಣ್ಣ ಉದ್ಯಮಿ ಸೋಲುತ್ತಾನೆ. ಒಂದೇ ಕೈಗಾರಿಕಾ ಪ್ರದೇಶದಲ್ಲಿರುವವರು ಒಟ್ಟಾಗಿ ಮಾಡಬಹುದಾದದ್ದು ಬಹಳ ಇದೆ. ಪ್ರತಿ ಅನುಮತಿಗೆ ಕಟ್ಟಬೇಕಾದ ಸರ್ಕಾರಿ ಶುಲ್ಕ, ಬೇಕಾದ ದಾಖಲೆ, ಗಡುವು ಇವುಗಳ ಪಟ್ಟಿಯನ್ನು ಕನ್ನಡದಲ್ಲಿ ಮಾಡಿ ಹೊಸಬನ ಕೈಗೆ ಕೊಡಬಹುದು. ಯಾರ ಅರ್ಜಿ ಯಾವ ದಿನ ಹೋಯಿತು, ಯಾವ ದಿನ ಮುಗಿಯಿತು ಎಂದು ತಾವೇ ಒಂದು ರಿಜಿಸ್ಟರ್ ಇಟ್ಟು ಮೂರು ತಿಂಗಳಿಗೊಮ್ಮೆ ಜಿಲ್ಲಾಧಿಕಾರಿಯ ಮುಂದಿಡಬಹುದು. ಕನ್ಸಲ್ಟೆಂಟ್‌ಗಳಿಂದ ಬಿಡಿಬಿಡಿಯಾದ ಬಿಲ್ಲು ಕೇಳುವ ಒಪ್ಪಂದದ ಮಾದರಿಯನ್ನು ಎಲ್ಲರೂ ಬಳಸಬಹುದು. ಸರ್ಕಾರಿ ಶುಲ್ಕವನ್ನು ಉದ್ಯಮಿಯ ಖಾತೆಯಿಂದಲೇ ಆನ್‌ಲೈನಿನಲ್ಲಿ ಕಟ್ಟಬೇಕೆಂಬ ಒಂದೇ ಷರತ್ತು ‘ರೌಂಡ್ ಫಿಗರ್’ ವ್ಯವಹಾರದ ಅರ್ಧ ಜೀವ ತೆಗೆಯುತ್ತದೆ. ಯಾರಿಗಾದರೂ ಬೇಡಿಕೆ ಬಂದರೆ ಕೊಡುವ ಮೊದಲೇ, ಕೊಟ್ಟಾಗಿದ್ದರೆ ಏಳು ದಿನಗಳ ಎಣಿಕೆ ಮುಗಿಯುವ ಮೊದಲು ಅವನ ಜೊತೆ ಇಬ್ಬರು ಲೋಕಾಯುಕ್ತ ಠಾಣೆಗೆ ಹೋಗಬಹುದು. ಬದನಗುಪ್ಪೆಯಲ್ಲಿ ಇನ್ನೂ ನಿವೇಶನಗಳು ತುಂಬುತ್ತಿವೆ, ಪದ್ಧತಿಗಳು ಇನ್ನೂ ಗಟ್ಟಿಯಾಗಿಲ್ಲ. ಅಲ್ಲಿ ಈಗ ಕಟ್ಟಡ ಏಳಿಸುತ್ತಿರುವವರು ಕರೆಯುವ ಮೊದಲ ಸಭೆಯ ಮೊದಲ ವಿಷಯ ಈ ರಿಜಿಸ್ಟರ್ ಆಗಲಿ. ಎರಡನೆಯದು, ಗ್ರಾಮಸಭೆಗೆ ಯಾರು ಹೋಗಿ ಏನು ಹೇಳಬೇಕೆಂಬುದು.